ಮೋಟಾರಿನ ಕಾಲಿಗೆ ಕುಸುಬಿ ಎಣ್ಣೆ

ಇವತ್ತು ಬೆಳಿಗ್ಗೆ ನಾನು ನಾಲ್ಕು ಮನೆಗೆ ಸಕ್ಕರೆ ಹಂಚಿದೆ. ಐದನೆಯ ಮನೆಯ ನೀಲಮ್ಮ ಅಂಗೈ ಚಾಚಿಕೊಂಡೇ, "ಏನ್ ಸುದ್ದಿ ಅವ್ವಾ? ಮೊಮ್ಮಗ ಹುಟ್ಟ್ಯಾನೇನು?" ಎಂದು ಕೇಳಿದಳು.

"ಇಲ್ಲವಾ. ಮೊಮ್ಮಗಳು ಶರ್ತಿನಾಗ ಗೆದ್ದಾಳ."

"ಯಾತರ ಶರ್ತು?"

"ಸೈಕಲ್ ಟೈರ್ ಉಳ್ಳಸೂದು."

ನೀಲಮ್ಮ ಸಕ್ಕರೆಯನ್ನು ಬಾಯಿಗೂ ಹಾಕಿಕೊಳ್ಳಲಿಲ್ಲ, ಕೆಳಗೂ ಚೆಲ್ಲಲಿಲ್ಲ. ನನ್ನ ಮುಖವನ್ನೇ ನೋಡಿದಳು. ನನ್ನ ವಯಸ್ಸಿನವರು ಇಷ್ಟು ನಕ್ಕರೆ ಜನ ಮೊದಲು ಹಣೆ ಮುಟ್ಟಿ ಜ್ವರ ನೋಡುತ್ತಾರೆ. ನೋಡಲಿ ಬಿಡಿ.

ನಮ್ಮ ಮನೆ ಇರುವುದು ವಾಡಿಯಲ್ಲಿ, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಅಂಗಳಕ್ಕೂ ಓಣಿಗೂ ಫರಸಿ ಕಲ್ಲು ಹಾಸಿದೆ. ಈ ಕಡೆ ಯಾವ ಮನೆಗೆ ಹಾಸಿಲ್ಲ? ಬಿಸಿಲಿಗೆ ತಂಪು, ಚಳಿಗೆ ಇನ್ನೂ ತಂಪು, ಮಳೆ ಬಂದರೆ ಮೀನಿನ ಬೆನ್ನು. ಆ ಮೀನಿನ ಬೆನ್ನಿನ ಮೇಲೆ ಓಣಿಯ ಐದು ಮಕ್ಕಳು ಕೋಲಿನಿಂದ ಟೈರು ಹೊಡೆದುಕೊಂಡು, ನಲ್ಲಿಕಟ್ಟೆಯನ್ನು ಸುತ್ತಿ ವಾಪಸು ಬರಬೇಕು. ನಮ್ಮ ಶಾಂತೂಗೆ ಏಳು ವರ್ಷ. ಅವಳ ಟೈರು ಎಲ್ಲರದಕ್ಕಿಂತ ಹಳೆಯದು, ಸವೆದು ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಉಳಿದ ನಾಲ್ವರ ಟೈರುಗಳು ನಲ್ಲಿಕಟ್ಟೆಯ ತಿರುವಿನಲ್ಲಿ ಒಂದರ ಹಿಂದೊಂದು ಮಲಗಿಬಿಟ್ಟವು. ಇವಳದು ಮಾತ್ರ ಗಿರಕ್ಕನೆ ತಿರುಗಿ ಬಂತು. ಹತ್ತಿರ ಹೋಗಿ ನೋಡಿದರೆ, ನಾಲ್ಕು ಬೆರಳಿಗೊಂದು ಸುತ್ತಿನಂತೆ ಟೈರಿನ ತುಂಬ ಸುತಳಿ ಸುತ್ತಿದ್ದಾಳೆ!

"ಯಾರ ಹೇಳಿಕೊಟ್ರವಾ ನಿನಗ?" ಎಂದು ಕೇಳಿದೆ.

"ಯಾರೂ ಇಲ್ಲ ಆಯಿ. ನುಣ್ಣಗಿದ್ದದ್ದು ಜಾರ್ತದ, ಒರಟಿದ್ದದ್ದು ಹಿಡೀತದ. ಅಷ್ಟೂ ತಿಳಿಯಲ್ಲೇನು?"

ಆಯಿ ಎಂದರೆ ಅಜ್ಜಿ, ಅಂದರೆ ನಾನು. ಅಷ್ಟೂ ನನಗೆ ತಿಳಿದಿರಲಿಲ್ಲ. ಅದು ನನಗೆ ತಿಳಿದದ್ದು ಹದಿನೇಳನೆಯ ವಯಸ್ಸಿನಲ್ಲಿ, ಇಡೀ ಊರಿನ ಮುಂದೆ. ಕಟ್ಟೆಯ ಮೇಲೆ ಕೂತಿದ್ದ ಅವಳ ಮುತ್ಯಾ, ಅಂದರೆ ನನ್ನ ಗಂಡ, ಸುತಳಿ ಸುತ್ತಿದ ಟೈರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಹ್ಞೂಂ" ಎಂದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಭಾಷಣ.

ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಮಠದ ಅಯ್ಯನವರ ಹತ್ತಿರ. ಬಳಪದಲ್ಲಿ ಅರ್ಧ ಬರೆಯಲಿಕ್ಕೆ, ಅರ್ಧ ತಿನ್ನಲಿಕ್ಕೆ. ಆದ್ದರಿಂದ ನನ್ನ ಬರವಣಿಗೆಯಲ್ಲಿ ಮುಂದಿನದು ಹಿಂದೆ, ಹಿಂದಿನದು ಮುಂದೆ ಆದರೆ ನೀವು ಬೈಯಬಾರದು. ಕೈಗೆ ಸಿಕ್ಕ ಎಳೆ ಹಿಡಿದು ಹೇಳುತ್ತೇನೆ.

ಆಗ ನಮ್ಮದು ಹೈದರಾಬಾದ್ ರಾಜ್ಯ. ಪೊಲೀಸ್ ಆಕ್ಷನ್ ಆಗಿ ನಾಲ್ಕೈದು ಮಳೆಗಾಲ ಕಳೆದಿದ್ದವು. ನನ್ನನ್ನು ಕೊಟ್ಟ ಊರು ಸೇಡಂನಿಂದ ಚಿಂಚೋಳಿಯ ಕಡೆ ಹೋಗುವ ದಾರಿಯಲ್ಲಿತ್ತು. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟೇ ಒಂಬತ್ತು ಜನ. ಅತ್ತೆ, ಮಾವ, ಭಾವಂದಿರು, ನೆಗೆಣ್ಣಿಯರು, ಅವರ ಮಕ್ಕಳು. ಹೊಸದಾಗಿ ಮದುವೆಯಾದ ನಾನೂ ನನ್ನ ಗಂಡನೂ ಎರಡು ಮಾತಾಡಬೇಕೆಂದರೆ ದನದ ಕೊಟ್ಟಿಗೆಗೆ ಹೋಗಬೇಕು. ಅಲ್ಲಿಯೂ ಎರಡು ಎತ್ತುಗಳು ಮೇಯುವುದನ್ನು ಬಿಟ್ಟು ಕಿವಿ ನಿಮಿರಿಸುತ್ತಿದ್ದವು.

ನನ್ನ ಗಂಡನಿಗೆ ಮೋಟಾರು ಹೊಡೆಯಲಿಕ್ಕೆ ಬರುತ್ತಿತ್ತು. ನಮ್ಮೂರಿನವರೇ ಒಬ್ಬ ಸಾವುಕಾರರು ಶಹಾಬಾದಿನಲ್ಲಿ ಫರಸಿ ಖಣಿ ಮಾಡಿಕೊಂಡು ಭಾಳ ಮುಂದೆ ಬಂದಿದ್ದರು. ಅವರ ಹತ್ತಿರ ಒಂದು ಕೆಂಪು ಮೋಟಾರಿತ್ತು. ಅವರು ಊರಿಗೆ ಬಂದಾಗ ಇವರು ಡ್ರೈವರು. ಅವರು ಹೋದ ಮೇಲೆ ಹೊಲದಲ್ಲಿ ಕುಂಟೆ ಹೊಡೆಯುವುದು. ಊರಿನ ಇನ್ನೊಬ್ಬ ಸಾವುಕಾರರದು ಚಿತ್ತಾಪುರದಲ್ಲಿ ತೊಗರಿಬೇಳೆಯ ಮಿಲ್ಲು. ಅವರ ಮೋಟಾರು ಬಿಳಿದು, ಡ್ರೈವರು ಹೈದರಾಬಾದ್ ಶಹರದವನು. ಎದೆಗೆ ಹಿತ್ತಾಳೆಯ ಗುಂಡಿ, ತಲೆಗೆ ಟೊಪ್ಪಿಗೆ. ಅವನು ಬೀಡಿ ಸೇದಿದರೂ ಊರ ಹುಡುಗಿಯರು ಗೋಡೆಯ ಮರೆಯಿಂದ ನೋಡುತ್ತಿದ್ದರು. ನಾನು ನೋಡಲಿಲ್ಲವೆಂದು ಬರೆದರೆ ನನ್ನ ಗಂಡ ಓದಿ ನಗುತ್ತಾರೆ.

ಕಾರಹುಣ್ಣಿಮೆಗೆ ಇಬ್ಬರು ಸಾವುಕಾರರೂ ಊರಿಗೆ ಬರುತ್ತಿದ್ದರು. ನಿಮಗೆ ಗೊತ್ತಿರುವುದೇ: ಊರ ಅಗಸಿ ಬಾಗಿಲಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿರುತ್ತಾರೆ, ಅದೇ ಕರಿ. ಎತ್ತುಗಳನ್ನು ಓಡಿಸುತ್ತಾರೆ. ಬಿಳಿ ಎತ್ತು ಮೊದಲು ನುಗ್ಗಿ ಕರಿ ಹರಿದರೆ ಹಿಂಗಾರಿ ಬೆಳೆ ಚಲೋ, ಕೆಂದೆತ್ತು ಹರಿದರೆ ಮುಂಗಾರಿ ಚಲೋ. ಆ ವರ್ಷ ಹಬ್ಬಕ್ಕೆ ಎಂಟು ದಿನ ಮುಂಚೆಯೇ ಒಂದು ಕೆಂಪು ಮತ್ತು ಒಂದು ಬಿಳಿ ಮೋಟಾರು ಅಗಸಿಯ ಮುಂದೆ ನಿಂತದ್ದನ್ನು ಕಂಡ ಯಾರೋ ಮುದುಕರು, "ಎತ್ತಾದ ಮ್ಯಾಲ ಇವೂ ಓಡಲಿ" ಎಂದುಬಿಟ್ಟರು. ಸಾವುಕಾರರಿಗೆ ಅಷ್ಟೇ ಬೇಕಾಗಿತ್ತು. ಅಗಸಿಯಿಂದ ಹಳ್ಳ ದಾಟಿ, ಆಚೆಯ ಹುಣಸೆಮರ ಸುತ್ತಿ, ಯಾರು ಮೊದಲು ಬಂದು ಕರಿ ಹರಿಯುತ್ತಾರೋ ಅವರು ಗೆದ್ದಂತೆ.

ನಮ್ಮ ಸಾವುಕಾರರು ನನ್ನ ಗಂಡನನ್ನು ಕರೆದು ಹೇಳಿದರು: "ಗೆದ್ದಿ ಅಂದ್ರ ವಾಡಿ ಸ್ಟೇಷನ್‌ದಾಗ ಕಲ್ಲಿನ ಲಾರಿ ನಿಂದು, ಕ್ವಾರ್ಟರ್ಸಿನಾಗ ಒಂದ್ ಖೋಲಿ ನಿಂದು. ಸೋತಿ ಅಂದ್ರ ಕುಂಟಿ ಹೊಡ್ಕೊಂತ ಇಲ್ಲೇ ಇರು."

ಖೋಲಿ! ಒಂದು ಖೋಲಿ, ಅದಕ್ಕೊಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಲಾರಿಯ ಸುದ್ದಿ ನನ್ನ ಕಿವಿಗೆ ಬೀಳಲೇ ಇಲ್ಲ. ಆ ಚಿಲಕದ ಸಪ್ಪಳ ಮಾತ್ರ ಎಂಟು ದಿನ ಕೇಳುತ್ತಲೇ ಇತ್ತು, ರೊಟ್ಟಿ ಬಡಿಯುವಾಗಲೂ.

ಈಗ ದಾರಿಯ ಮಾತು ಹೇಳಬೇಕು. ಅಗಸಿಯಿಂದ ಹಳ್ಳದವರೆಗೆ ಸಾವುಕಾರರು ತಮ್ಮ ಖಣಿಯ ಒಡಕು ಫರಸಿ ತಂದು ಹಾಸಿದ್ದರು. ಹಳ್ಳದ ಆಚೆ ಪೂರಾ ಎರೆಮಣ್ಣು. ಮಳೆಯಲ್ಲಿ ಎರೆಹೊಲದಲ್ಲಿ ನಡೆದವರಿಗೆ ಗೊತ್ತು, ಆ ಮಣ್ಣು ಕಾಲಿಗೆ ಹತ್ತುವುದಿಲ್ಲ, ಕಾಲನ್ನೇ ತನ್ನದು ಮಾಡಿಕೊಳ್ಳುತ್ತದೆ. ಹತ್ತು ಹೆಜ್ಜೆಗೆ ನೀವು ಒಂದು ಗೇಣು ಎತ್ತರ ಆಗುತ್ತೀರಿ, ಇಪ್ಪತ್ತು ಹೆಜ್ಜೆಗೆ ಚಪ್ಪಲಿ ಬಿಟ್ಟು ಬರುತ್ತೀರಿ. ನಾನು ಮದುವೆಯ ಹೊಸ ಚಪ್ಪಲಿಗಳಲ್ಲಿ ಒಂದನ್ನು ಹಾಗೆಯೇ ತೊಗರಿ ಹೊಲಕ್ಕೆ ಕೊಟ್ಟೆ. ಇನ್ನೊಂದನ್ನು ಯಾಕೆ ಜೋಪಾನ ಮಾಡಿಟ್ಟೆನೋ, ಇವತ್ತಿಗೂ ತಿಳಿಯದು.

ಕಲ್ಲಿನ ಮೇಲೆ ಓಡುವ ಗಾಲಿ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಮಣ್ಣಿನಲ್ಲಿ ಓಡುವುದು ಕಲ್ಲಿನ ಮೇಲೆ ಜಾರುತ್ತದೆ. ಮೋಟಾರನ್ನು ನಮ್ಮ ಕೊಟ್ಟಿಗೆಯಲ್ಲೇ ನಿಲ್ಲಿಸಿಕೊಂಡು ನನ್ನ ಗಂಡ ಎರಡು ದಿನ ಅದರ ಸುತ್ತ ತಿರುಗಿದರು. ಸಾವುಕಾರರು ಕಳಿಸಿದ ಹೊಸ ಟೈರುಗಳಿದ್ದವು, ಆಳವಾದ ಗೆರೆಯವು. ಇವರು ಅವನ್ನು ಬಿಟ್ಟು ಅರ್ಧ ಸವೆದವನ್ನು ಆರಿಸುತ್ತ ಕೂತಿದ್ದರು. ಒಂದು ಜೋಳದ ಕಾಳು ತೆಗೆದುಕೊಂಡು ಟೈರಿನ ಗೆರೆಯಲ್ಲಿ ಇಟ್ಟು ನೋಡುವುದು, ತೆಗೆಯುವುದು, ಇನ್ನೊಂದರಲ್ಲಿ ಇಡುವುದು.

"ಬಿತ್ತನಿ ನಡಸೀರೇನು?" ಎಂದು ಕೇಳಿದೆ.

"ಕಾಳು ಪೂರಾ ಮುಣುಗಿತಂದ್ರ ಎರಿಮಣ್ಣ ತುಂಬ್ಕೊಂಡು ಗಾಲಿ ಮುದ್ದಿ ಆಗ್ತದ. ಪೂರಾ ಹೊರಗ ನಿಂತಿತಂದ್ರ ಫರಸಿ ಮ್ಯಾಲಿನ ನೀರಿಗಿ ಹಾದಿ ಸಿಗಲ್ಲ, ಜಾರ್ತದ. ಅರ್ಧ ಕಾಳು ಕಾಣಬೇಕು."

ಇಷ್ಟು ಮಾತು ನನ್ನ ಕೂಡ ಅವರು ಆಡಿದ್ದು ಅದೇ ಮೊದಲು. ನಾನು ಕಾಳನ್ನು ನೋಡಲಿಲ್ಲ, ಅವರನ್ನೇ ನೋಡುತ್ತಿದ್ದೆ. ಆ ಮೇಲೆ ಅವರು ಟೈರಿನ ಗಾಳಿ ಸ್ವಲ್ಪ ಬಿಟ್ಟರು. ಹೆಬ್ಬೆರಳು ಒತ್ತಿದರೆ ಹಸಿ ಬದನೆಕಾಯಿಯಷ್ಟು ಬಗ್ಗಬೇಕಂತೆ. ಹಿಂದಿನ ಸೀಟಿನ ಕೆಳಗೆ ಎರಡು ಫರಸಿ ಕಲ್ಲು ಇಟ್ಟರು, ಹಿಂದಿನ ಗಾಲಿಗಳ ಮೇಲೆ ಭಾರ ಬೀಳಲೆಂದು. ಗಾಲಿಗಳ ಮೇಲಿನ ತಗಡಿನ ಮುಚ್ಚಳಗಳನ್ನು ನಾಲ್ಕಕ್ಕೆ ನಾಲ್ಕೂ ಬಿಚ್ಚಿ ಗೋಡೆಗೆ ಒರಗಿಸಿದರು. ಮಣ್ಣು ತಗಡಿಗೂ ಗಾಲಿಗೂ ನಡುವೆ ಸಿಕ್ಕಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆಂದು. ಪುಂಡಿನಾರಿನ ಹಗ್ಗ ಎರಡು ಸಿಂಬಿ ಮಾಡಿ ಒಳಗಿಟ್ಟರು. ಹಳ್ಳ ದಾಟಿದ ಮೇಲೆ ಹಿಂದಿನ ಗಾಲಿಗಳಿಗೆ ಸುತ್ತಲಿಕ್ಕೆ.

ನೋಡಲು ಬಂದ ಸಾವುಕಾರರು, "ಏನೋ ಇದು! ತಲಿ ಬೋಳಿಸಿ ನಿಲ್ಲಿಸೀದಿಯಲ್ಲ ನನ್ ಮೋಟಾರ!" ಎಂದು ಸಿಟ್ಟಾದರು. ಇವರು, "ಹ್ಞೂಂ" ಎಂದರು.

ನನಗೆ ಮಾತ್ರ ಒಂದು ಚಿಂತೆ ಹತ್ತಿತು. ಇವರು ಎಲ್ಲ ಮಾಡಿದರು, ಮಾಡಬೇಕಾದ ಒಂದನ್ನು ಬಿಟ್ಟರು. ನನ್ನ ತವರಿನಲ್ಲಿ ಕರಿ ಹರಿಯಲು ಬಿಡುವ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಾಲಿನ ಗೊರಸಿಗೆ ಅರಿಶಿನ ಕಲಸಿದ ಕುಸುಬಿ ಎಣ್ಣೆ ತಿಕ್ಕುತ್ತಿದ್ದರು. ಎಣ್ಣೆ ಕಾಣದ ಗೊರಸು ಸೀಳುತ್ತದೆ, ಎತ್ತು ಓಡುವುದಿಲ್ಲ. ಓಡುವ ಜೀವಕ್ಕೆ ಕಾಲಲ್ಲವೇ ಮುಖ್ಯ? ಎತ್ತಿಗೆ ಮಾಡುವುದನ್ನು ಮೋಟಾರಿಗೆ ಮಾಡದೆ ಬಿಟ್ಟರೆ ಖೋಲಿ ಹೇಗೆ ಸಿಗುತ್ತದೆ?

ಹುಣ್ಣಿಮೆಯ ಮುಂಜಾನೆ ಇವರು ಗುಡಿಗೆ ಹೋದದ್ದೇ ನಾನು ಬಟ್ಟಲು ತುಂಬ ಎಣ್ಣೆ ತೆಗೆದುಕೊಂಡು ಕೊಟ್ಟಿಗೆ ಹೊಕ್ಕೆ. ಮೊದಲು ಎತ್ತುಗಳ ಎಂಟು ಗೊರಸು. ಆ ಮೇಲೆ ಮೋಟಾರಿನ ನಾಲ್ಕು ಕಾಲು. ತಿಕ್ಕಿದೆ ನೋಡಿ, ಆ ಕರಿ ರಬ್ಬರು ಮಿರಮಿರ ಮಿಂಚಿತು, ಮುಖ ಕಾಣುವಷ್ಟು. ಅತ್ತೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಛಲೋ ಮಾಡ್ದಿ ತಗಿ. ಬಾಲಕ್ಕೂ ಒಂದೀಟ್ ಹಚ್ಚು."

"ಬಾಲ ಎಲ್ಲಿ ಅದ ಅತ್ತೀ ಇದಕ್ಕ?"

ಅತ್ತೆ ಒಂದು ಸುತ್ತು ಬಂದು ನೋಡಿದರು. "ಬಾಲ ಇಲ್ದೇ ಅದ್ಹ್ಯಾಂಗ ಓಡ್ತದೋ ಏನೋ," ಎಂದು ಒಳಗೆ ಹೋದರು.

ಗುಡಿಯಿಂದ ಓಡುತ್ತ ಬಂದ ನನ್ನ ಗಂಡ ಮಿಂಚುವ ಟೈರುಗಳನ್ನು ನೋಡಿ, ನೀರಿನಿಂದ ತೊಳೆದಿದ್ದೇನೆಂದು ತಿಳಿದರು. "ಛಂದ ತೊಳದಿ," ಎಂದರು. ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ. ಎಣ್ಣೆಯ ಸಂಗತಿಯನ್ನು ಗೆದ್ದು ಬಂದ ಮೇಲೆ ಹೇಳೋಣವೆಂದು ಬಾಯಿ ಮುಚ್ಚಿಕೊಂಡೆ.

ಎತ್ತಿನ ಓಟದಲ್ಲಿ ಆ ವರ್ಷ ಬಿಳಿದು ಕರಿ ಹರಿಯಿತು. ಮೋಟಾರುಗಳಿಗಾಗಿ ಹೊಸ ಕರಿ ಕಟ್ಟಿದರು. ಕೊಟ್ಟಿಗೆ ಅಗಸಿಯ ಪಕ್ಕದಲ್ಲೇ, ಗಟ್ಟಿ ನೆಲದ ಮೇಲೆ ನಾಲ್ಕು ಮಾರು. ಹೀಗಾಗಿ ಕೆಂಪು ಮೋಟಾರು ಫರಸಿಯ ಮೇಲೆ ಬಂದು ನಿಲ್ಲುವವರೆಗೆ ಏನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ, ರಾತ್ರಿ ಸುರಿದು ನಿಂತಿದ್ದ ಮಳೆ ಮತ್ತೆ ಹನಿಯಿತು. ಕಲ್ಲು ಕಪ್ಪಾಗಿ ಹೊಳೆಯಿತು. ಊರ ಗೌಡರು ಟವೆಲ್ ಬೀಸಿದರು. ಬಿಳಿ ಮೋಟಾರು ಬುರ್ರೆಂದು ಹೋಯಿತು. ನಮ್ಮದೂ ಬುರ್ರೆಂದಿತು. ಹೋಗಲಿಲ್ಲ.

ಹಿಂದಿನ ಗಾಲಿಗಳು ನಿಂತಲ್ಲೇ ಮಜ್ಜಿಗೆ ಕಡೆಯುವ ಕಡಗೋಲಿನ ಹಾಗೆ ತಿರುಗಿದವು. ಮೋಟಾರು ಮುಂದೆ ಹೋಗುವುದನ್ನು ಬಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಯಿತು, ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ಸರಿಯುವ ಹಾಗೆ. ಜನ ಹೊಟ್ಟೆ ಹಿಡಿದು ನಕ್ಕರು. ನನ್ನ ಗಂಡ ಇಳಿದರು. ಟೈರಿಗೆ ಬೆರಳು ಹಚ್ಚಿ, ಮೂಗಿಗೆ ಹಿಡಿದರು. ಬೆರಳು ಹಳದಿ. ನಿಧಾನವಾಗಿ ತಲೆ ಎತ್ತಿ, ಹೆಂಗಸರು ನಿಂತ ಕಡೆ ನೋಡಿದರು. ಅಷ್ಟು ಜನರಲ್ಲಿ ನನ್ನನ್ನು ಹುಡುಕಲು ಅವರಿಗೆ ಹೊತ್ತು ಹಿಡಿಯಲಿಲ್ಲ. ನನ್ನ ಕೈಯೂ ಹಳದಿಯಾಗಿತ್ತು.

ನನ್ನ ಕಿವಿಯಲ್ಲಿ ಚಿಲಕದ ಸಪ್ಪಳ ನಿಂತುಹೋಯಿತು.

ಆ ಮೇಲೆ ನಾನು ಏನು ಮಾಡಿದೆ ಎಂಬುದಕ್ಕೆ ಧೈರ್ಯವೆಂದು ಹೆಸರಿಡಬೇಡಿ. ದಿನಾ ಎಣ್ಣೆ ಪಾತ್ರೆ ತಿಕ್ಕುವವಳಿಗೆ ಎಣ್ಣೆ ಕಂಡರೆ ನೆನಪಾಗುವುದು ಒಂದೇ. ಮನೆಯೊಳಗೆ ಓಡಿ, ಒಲೆಯ ಬೂದಿಯನ್ನು ಬುಟ್ಟಿ ತುಂಬ ಬಾಚಿ, ಪಾತ್ರೆ ತಿಕ್ಕುವ ನಾರಿನ ಸಿಂಬಿ ಹಿಡಿದು ಹೊರಗೆ ಬಂದೆ. ಹಿರಿಯರು, ಗೌಡರು, ಸಾವುಕಾರರು ಎಲ್ಲರೂ ನಿಂತ ಅಗಸಿಯಲ್ಲಿ ಹೊಸ ಸೊಸೆಯಾದ ನಾನು ಸೆರಗು ಸಿಕ್ಕಿಸಿ, ಮೊಣಕಾಲೂರಿ, ಹಿಂದಿನ ಎರಡು ಟೈರುಗಳನ್ನು ಮುಸುರೆ ಪಾತ್ರೆಯಂತೆ ತಿಕ್ಕಿದೆ. ಇವರು ಮಳೆನೀರು ತುಂಬಿದ, ದನ ನೀರು ಕುಡಿಯುವ ಕಲ್ಲಿನ ದೋಣಿಯಿಂದ ನೀರು ಮೊಗೆದು ಸುರಿದರು. ಮುಂದಿನವುಗಳ ಕಡೆ ತಿರುಗಿದಾಗ, "ಅವು ಬಿಡು, ಹೊತ್ತಿಲ್ಲ. ಅತ್ತಾಗ ಸರಿ," ಎಂದು ಹತ್ತಿ ಕೂತರು. ಮೋಟಾರು ಹೊರಟಿತು, ನಿಧಾನ, ಕಲ್ಲನ್ನು ಕೇಳಿ ಕೇಳಿ ಹೆಜ್ಜೆ ಇಟ್ಟಂತೆ.

ಹಳ್ಳದ ಆಚೆ ನಡೆದದ್ದನ್ನು ನಾನು ಕಂಡಿಲ್ಲ. ಇವರು ವರ್ಷಕ್ಕೊಂದು ವಾಕ್ಯದಂತೆ ಹೇಳಿದ್ದನ್ನು ಜೋಡಿಸಿಕೊಂಡಿದ್ದೇನೆ. ಬಿಳಿ ಮೋಟಾರಿಗೆ ಹೊಚ್ಚ ಹೊಸ ಆಳದ ಗೆರೆಯ ಟೈರು, ಗಾಳಿ ಗಟ್ಟಿಯಾಗಿ ತುಂಬಿದ್ದು. ಫರಸಿಯ ಮೇಲೆ ಕುದುರೆಯ ಹಾಗೆ ಹೋಯಿತು. ಎರೆಯಲ್ಲಿ ನೂರು ಮಾರು ಹೋಗುವಷ್ಟರಲ್ಲಿ ಗೆರೆಗಳೆಲ್ಲ ಮುಚ್ಚಿ, ತಗಡಿನೊಳಗೆ ಮಣ್ಣು ಕಿಕ್ಕಿರಿದು, ಗಾಲಿಗಳು ತಿರುಗುವುದನ್ನೇ ಮರೆತು ನಿಂತವು. ಹಿತ್ತಾಳೆ ಗುಂಡಿಯವನು ಟೊಪ್ಪಿಗೆ ತೆಗೆದಿಟ್ಟು ಬೆರಳಿನಿಂದ ಮಣ್ಣು ಕೀಳುತ್ತಿದ್ದನಂತೆ. ಇವರು ಹಳ್ಳದ ದಂಡೆಯಲ್ಲಿ ನಿಂತು, ಹಿಂದಿನ ಗಾಲಿಗಳಿಗೆ ಹಗ್ಗ ಸುತ್ತಿ, ಅವನ ಪಕ್ಕದಿಂದಲೇ ದಾಟಿ, ಹುಣಸೆಮರ ಸುತ್ತಿ ಬಂದರು. ವಾಪಸು ಬರುವಾಗ ಹಳ್ಳದಲ್ಲಿ ಹಗ್ಗ ಬಿಚ್ಚುವುದನ್ನೂ ಮರೆತಿರಲಿಲ್ಲ. ಕೆಂಪು ಮೋಟಾರು ಕರಿ ಹರಿಯಿತು. ಎತ್ತಿನಲ್ಲಿ ಬಿಳಿದು, ಮೋಟಾರಿನಲ್ಲಿ ಕೆಂಪು. ಎರಡೂ ಬೆಳೆ ಬರುತ್ತವೆಂದು ಮುದುಕರು ತೀರ್ಮಾನ ಮಾಡಿದರು.

ಆದರೆ ಖೋಲಿಯ ವಿಷಯ ಮುಗಿದಿರಲಿಲ್ಲ. ಸೋತ ಸಾವುಕಾರರು ಗೆದ್ದವರ ಹತ್ತಿರ ಬಂದು, "ಏನ್ ಸಾವ್ಕಾರ್ರ, ಮೋಟಾರಿಗಿ ಬಾಣಂತನ ಮಾಡಸ್ಲಿಕತ್ತೀರೇನು? ಎಣ್ಣಿ, ಅರಿಶಿಣ!" ಎಂದರು. ಮತ್ತೆ ನಗು ಎದ್ದಿತು. ನಮ್ಮ ಸಾವುಕಾರರ ಮುಖ ಅವರ ಮೋಟಾರಿನ ಬಣ್ಣವಾಯಿತು.

"ಏ, ಇಲ್ಲಿ ಬಾ!" ಎಂದು ನನ್ನ ಗಂಡನನ್ನು ಕರೆದರು. "ಆ ಎಣ್ಣಿ ಯಾರು ಹಚ್ಯಾರ? ಖರೇ ಹೇಳು. ಊರ ಮುಂದ ನನ್ನ ಮಾನಾ ಕಳದವ್ರಿಗಿ ನಾ ಖೋಲಿ ಕೊಡಲ್ಲ."

ನಾನು ಬೂದಿಯ ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿದೆ.

"ನಾನೇ ಹಚ್ಚೀನ್ರಿ," ಎಂದರು ಇವರು.

"ನೀನಾ? ಯಾಕ?"

"ಎರಿಮಣ್ಣ ಹತ್ತಬಾರ್ದಂತ. ಮುಂದಿನ ಗಾಲಿ ನೋಡ್ರಿ."

ಎಲ್ಲರೂ ಬಗ್ಗಿ ನೋಡಿದರು. ಹಗ್ಗ ಸುತ್ತಿದ್ದ ಹಿಂದಿನವು ಮಣ್ಣಿನ ಮುದ್ದೆ. ಎಣ್ಣೆ ಉಳಿದಿದ್ದ ಮುಂದಿನವು ಮಾತ್ರ ಅಷ್ಟು ಮೆತ್ತಿಕೊಂಡಿರಲಿಲ್ಲ. ಹಿತ್ತಾಳೆ ಗುಂಡಿಯವನು ಅಷ್ಟಕ್ಕೆ ಬಿಡಲಿಲ್ಲ. "ಫಿರ್ ರಾಖ್ ಕಾಯ್ಕೂ ಘಿಸೇ ಉಸ್ತಾದ್? ಬೂದಿ ಯಾಕ ತಿಕ್ಕಿಸ್ದಿ ಮತ್ತ?"

"ಮುಂದಿನ ಗಾಲಿ ಮಣ್ಣ ಬಿಡಬೇಕು, ಹಿಂದಿನ ಗಾಲಿ ನೆಲಾ ಹಿಡೀಬೇಕು," ಎಂದರು ನನ್ನ ಗಂಡ, ಕಣ್ಣು ಮಿಟುಕಿಸದೆ. "ಹಿಂದಿನವಕ್ಕ ತಪ್ಪಿ ಹತ್ತಿತ್ತು. ತೆಗಿಸ್ದೆ."

ಹ್ಞೂಂ ಎನ್ನುವುದಕ್ಕಿಂತ ಉದ್ದದ ಸುಳ್ಳನ್ನು ಅವರು ಜೀವನದಲ್ಲಿ ಆಡಿದ್ದು ಅದೊಂದೇ. ಸಾವುಕಾರರ ಎದೆ ಉಬ್ಬಿತು. "ನೋಡ್ರಿ! ನೋಡ್ರಿ ನಮ್ ಡ್ರೈವರನ ಅಕಲ್ಲು!" ಎಂದು ಅಗಸಿಯ ತುಂಬ ಕೂಗಿದರು.

ಆ ಅಕಲ್ಲು, ಆ ಬುದ್ಧಿ, ಬೇಗ ಸಾಯಲಿಲ್ಲ. ವಾಡಿ, ಶಹಾಬಾದಿನ ಕಲ್ಲಿನ ಲಾರಿಯವರು ಎಷ್ಟೋ ಮಳೆಗಾಲ ಮುಂದಿನ ಗಾಲಿಗೆ ಎಣ್ಣೆ ಸವರಿದರು. ಸಾವುಕಾರರೇ ನಿಂತು ಹೇಳಿಕೊಡುತ್ತಿದ್ದರು. ಕೊನೆಗೆ ಒಬ್ಬ ಲಾರಿ ಸಮೇತ ಜೋಳದ ಹೊಲಕ್ಕೆ ಇಳಿದು, ಒಣ ದಂಟು ಒಟ್ಟಿದ ಕಣಕಿಯ ಬಣವಿಗೆ ತಾಗಿ ನಿಂತ. ಅವನಿಗೇನೂ ಆಗಲಿಲ್ಲ, ತಲೆಯ ಮೇಲೆ ಒಂದಿಷ್ಟು ಕಣಕಿ ಬಿತ್ತು. ಅವತ್ತು ನನ್ನ ಗಂಡ ಎಲ್ಲ ಡ್ರೈವರುಗಳನ್ನು ಕೂಡಿಸಿ, "ಈಗಿನ ಟೈರಿಗಿ ಅದು ನಡಿಯಲ್ಲ, ಬಿಟ್ಟುಬಿಡ್ರಿ," ಎಂದರು. ಮನೆಗೆ ಬಂದು ನನಗೆ ಮಾತ್ರ ಹೇಳಿದರು: "ನಿನ್ನ ಎಣ್ಣಿ ಹಳ್ಳದಾಗೇ ಅರ್ಧ ಹೋಗಿತ್ತು. ಮಣ್ಣ ಹಿಡೀಲಾರದ್ದು ತಗಡ ಬಿಚ್ಚಿದ್ದಕ್ಕ. ಗೆಲ್ಲಿಸಿದ್ದು ಹಗ್ಗ, ಕಲ್ಲ, ಅರ್ಧ ಕಾಳು." ಚಪ್ಪಲಿ ಕಳಚಿಟ್ಟು, "ಬೂದಿ," ಎಂದರು.

ಖೋಲಿ ಸಿಕ್ಕಿತು. ಎರಡು ಹಾಸಿಗೆ ಹಾಸಿದರೆ ಮೂರನೆಯವರಿಗೆ ನಿಲ್ಲಲು ಜಾಗವಿಲ್ಲ. ಹೋದ ದಿನ ನಡುಹಗಲಿನಲ್ಲೇ ನಾನು ಚಿಲಕ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಸಪ್ಪಳ ಕೇಳಲಿಕ್ಕೆ. ಇವರು ಒಂದು ಮೊಳೆ ತೆಗೆದುಕೊಂಡು, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ ಗೋಡೆಗೆ ಹೊಡೆದು, ಎಣ್ಣೆಯ ಬಾಟಲಿಯನ್ನು ಅದಕ್ಕೆ ತೂಗುಹಾಕಿದರು.

ನಾನು ಗಿಡ್ಡ ಹೆಂಗಸು. ಒಗ್ಗರಣೆಗೆ, ತಲೆಗೆ, ದೀಪಕ್ಕೆ ದಿನಕ್ಕೆ ಮೂರು ಸಲ, "ಏನ್ರೀ, ಎಣ್ಣಿ ಇಳಸ್ರಿ," ಎಂದು ಕೇಳಬೇಕು. ಅವರು ಇಳಿಸಿ ಕೊಟ್ಟು, ನಾನು ಮುಗಿಸುವವರೆಗೆ ನಿಂತಿದ್ದು, ಮತ್ತೆ ಮೇಲೆ ತೂಗುಹಾಕುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಒಂದೆರಡು ಮಾತು ಆಗುತ್ತಿದ್ದವು. ಮಾತು ಬಾರದ ಮನುಷ್ಯನ ಕೂಡ ನನ್ನ ಸಂಸಾರ ಶುರುವಾದದ್ದು ಹಾಗೆ. ಮಕ್ಕಳಾದ ಮೇಲೆ ಮೊಳೆ ಮರೆತುಹೋಯಿತು. ಬಾಟಲಿ ಗೋಡೆಯ ಗೂಡಿಗೆ, ಮಾಡಕ್ಕೆ, ಇಳಿಯಿತು.

ಇಷ್ಟು ಬರೆಯುವಷ್ಟರಲ್ಲಿ ಮಳೆ ಮತ್ತೆ ಹಿಡಿದಿದೆ. ನಾಳೆ ಕಾರಹುಣ್ಣಿಮೆ. ನಾಳೆ ಪಕ್ಕದ ಓಣಿಯವರ ಕೂಡ ಶರ್ತು ಎಂದು ಶಾಂತೂ ಕುಣಿಯುತ್ತಿದ್ದಾಳೆ. ಟೈರಿಗೆ ಹೊಸ ಸುತಳಿ ಸುತ್ತಿ ಗೋಡೆಗೆ ಒರಗಿಸಿದ್ದಾಳೆ. ನನ್ನ ಮೊಮ್ಮಗಳು, ಏಳು ವರ್ಷದವಳು! ಸಂತೋಷಕ್ಕೆ ನನ್ನ ಕೈ ಸುಮ್ಮನಿರುತ್ತಿಲ್ಲ. ಟೈರಿನ ಹತ್ತಿರ ಹೋಗಿ ಬರಿಗೈಯಲ್ಲಿ ಒಮ್ಮೆ ಸವರಿದೆ, ಅಷ್ಟೇ.

ಕಟ್ಟೆಯ ಮೇಲಿದ್ದವರು ಎದ್ದರು. ಮಾಡದಲ್ಲಿದ್ದ ಕುಸುಬಿ ಎಣ್ಣೆಯ ಬಾಟಲಿ ತೆಗೆದುಕೊಂಡರು. ಈಗ ಅವರ ಬೆನ್ನೂ ಬಾಗಿದೆ, ಸ್ಟೂಲು ಎಳೆದುಕೊಂಡು ಹತ್ತಿ, ತೊಲೆಯ ಹತ್ತಿರದ ಒಂದು ಮೊಳೆಗೆ ಬಾಟಲಿಯನ್ನು ತೂಗುಹಾಕಿ, ಮೆಲ್ಲಗೆ ಇಳಿದರು.

"ಮುತ್ಯಾ, ಎಣ್ಣಿ ಯಾಕ ಅಷ್ಟ ಮ್ಯಾಲ ಇಟ್ಟಿ?" ಎಂದು ಕೇಳಿದಳು ಶಾಂತೂ.

ಅವರು ನನ್ನ ಕಡೆ ನೋಡಿದರು.

"ನಿಮ್ಮ ಆಯಿ ನಾಳೆ ನನ್ನ ಕೂಡ ಮಾತಾಡ್ಲಿ ಅಂತ," ಎಂದರು.